ನಿಮ್ಮ ಹೇಸರಗತ್ತೆಯ ಮಿದುಳು

ಫಾದರ್ ಎವರಿಸ್ತೊ ಅವರಿಗೆ,

ಅಂಬಾತೊ ಸಂತೆಗೆ ಹೋಗಿಬರಲೆಂದು ನಿಮ್ಮ ಹೇಸರಗತ್ತೆ ಕೊಡುವಾಗ ನೀವು, "ಮಂಜು ಕವಿದರೆ ಲಗಾಮು ಬಿಟ್ಬಿಡು ತಾಯಿ, ದಾರಿಯೆಲ್ಲ ಅದರ ಮಿದುಳಲ್ಲೇ ಇದೆ" ಅಂದಿದ್ದಿರಿ. ನಿನ್ನೆ ಬರುವಾಗ ಮಂಜು ಕವಿಯಿತು, ಬಿಟ್ಟೆ. ಅದು ನಿಮ್ಮ ಮನೆ ದಾಟಿ, ನನ್ನ ಮಗಳು ಒದಿಲಿಯಾಳ ಹಿತ್ತಿಲಲ್ಲಿ ನಿಂತು, ಅಲ್ಲಿಟ್ಟಿದ್ದ ಮೆಕ್ಕೆಜೋಳಕ್ಕೆ ಬಾಯಿ ಹಾಕಿತು. ಗೊರಸಿನ ಸದ್ದಿಗೆ ಒಳಗಿನಿಂದ ಅವಳು, "ಮೆಲ್ಲಗೆ ಬಾರೋ ಎವರಿಸ್ತೊ, ನಿನ್ನ ಮಗ ಈಗಷ್ಟೇ ಮಲಗಿದಾನೆ" ಅಂದಳು.

ಥೂ! ಅಪ್ಪನ ಹೆಸರಿಲ್ಲದ ಕೂಸಿಗೆ ದೀಕ್ಷಾಸ್ನಾನ ಇಲ್ಲವೆಂದು ಇಡೀ ಊರಿನೆದುರು ಅವಳನ್ನು ಚರ್ಚಿನಿಂದ ಹೊರಗೆ ಕಳಿಸಿದವರು ನೀವೇ.

ಹೇಸರಗತ್ತೆ ನನ್ನ ಕೊಟ್ಟಿಗೆಯಲ್ಲಿದೆ. ಭಾನುವಾರ ಮೊಮ್ಮಗನ ಜೊತೆ ಅದನ್ನೂ ಚರ್ಚಿಗೆ ತರುತ್ತೇನೆ; ದೀಕ್ಷಾಸ್ನಾನದ ನೀರು ಸಿದ್ಧವಾಗಿಡಿ. ಅಪ್ಪ ಯಾರೆಂದು ಮತ್ತೆ ಕೇಳಿದರೆ, ಊರಿನವರೆದುರೇ ಲಗಾಮು ಬಿಟ್ಟುಬಿಡುತ್ತೇನೆ.

ಕೂಸಿನ ಅಜ್ಜಿ,
ಸೆಬಾಸ್ತಿಯಾನಾ ಗುವಾಮಾನ್