ಚಂದ್ರಾ ಲೇಔಟಿನ ಭಾನುವಾರದ ಸಭೆ

ಮೂಡಲಪಾಳ್ಯ, ೧೯೮೬

ನಾಗು,

ಫಿಟ್ಸ್ ಬರುವವರು ಮತ್ತು ಅವರ ಮನೆಯವರು ಚಂದ್ರಾ ಲೇಔಟಿನ ಶಾಲೆಯೊಂದರಲ್ಲಿ ಭಾನುವಾರ ಸೇರುತ್ತಾರೆಂದು ಕೇಳಿ ಇವತ್ತು ಹೋಗಿದ್ದೆ. ಔಷಧಿ ಮಾರುವವರೋ, ಸುದ್ದಿ ಹಬ್ಬಿಸುವವರೋ ಎಂಬ ಅನುಮಾನದಿಂದ ಸುಳ್ಳು ಹೆಸರು ಹೇಳಿ ಬಾಗಿಲ ಬಳಿಯೇ ಕೂತೆ. ಸಭೆ ನಡೆಸುವ ಸತ್ಯವತಿ ಎಂಬ ಟೀಚರ್ ವಿಳಾಸ ಕೇಳಿದರೂ ನಾನು ಕೊಡಲಿಲ್ಲ.

ಅಷ್ಟರಲ್ಲಿ ಮಾತಾಡುತ್ತಿದ್ದ ಹುಡುಗಿಯೊಬ್ಬಳು ಬಿದ್ದು ಒದ್ದಾಡಿದಳು. ಯಾರೂ ಕಿರುಚಲಿಲ್ಲ, ಕೈಗೆ ಕಬ್ಬಿಣ ತುರುಕಲಿಲ್ಲ. ತಲೆಯಡಿ ಸ್ವೆಟರ್ ಮಡಿಸಿಟ್ಟು, ಪಕ್ಕಕ್ಕೆ ಹೊರಳಿಸಿ, ಎಚ್ಚರವಾಗುವವರೆಗೂ ಜೊತೆಗೇ ಕೂತಿದ್ದರು.

ಊರಿಗೆ ಗೊತ್ತಾಗಬಾರದೆಂದು ನಾವು ನಿನ್ನನ್ನು ಕೋಣೆಗೆ ಸೇರಿಸಿ ಚಿಲಕ ಹಾಕುತ್ತಿದ್ದೆವು. ನೀನು ತೀರಿಹೋದ ದಿನವೂ ಹಾಕಿದ್ದೆವು.

ಹೊರಡುವಾಗ ಸತ್ಯವತಿ, “ನಿಮ್ಮನೇಲಿ ಯಾರಿಗಮ್ಮ?” ಎಂದರು.

“ನನ್ನ ತಂಗಿಗೆ.”

“ಮುಂದಿನ ವಾರ ಕರ್ಕೊಂಡು ಬನ್ನಿ. ಇಲ್ಲಿ ಯಾರೂ ಏನೂ ಅಂದ್ಕೊಳ್ಳಲ್ಲ.”

“ಆಗ್ಲಿ ಮೇಡಂ, ಕರ್ಕೊಂಡು ಬರ್ತೀನಿ” ಅಂದುಬಿಟ್ಟೆ.