ಏಸಿಗೆ ಸುತ್ತಿದ ಬಿಳಿ ಬಟ್ಟೆ

ಮೇ ೯, ಶುಕ್ರವಾರ



ಇಗರ್ಜಿಯ ಹಾಲ್‌ನಲ್ಲಿ ನೆರೆಮನೆಯ ಎಲ್ವಿಟಾಳಿಗೆ ಮದುವೆಯ ಮುನ್ನಾದಿನ ತೆಂಗಿನಹಾಲು ಹಚ್ಚುವ ರೋಸ್ ಶಾಸ್ತ್ರ ನಡೆಯುವಾಗ ಏಸಿ ಮತ್ತೆ ಮತ್ತೆ ನಿಂತಿತಂತೆ. ರಿಪೇರಿಗೆ ಹೋದ ನಮ್ಮ ಯಜಮಾನರು, ಗ್ಯಾಸಿನ ಒತ್ತಡ ಏರಿದರೆ ಏಸಿ ನಿಲ್ಲಿಸುವ ಪ್ರೆಶರ್ ಸ್ವಿಚ್ಚಿನ ವೈರುಗಳನ್ನು ಹಾಲ್‌ನ ಒಳಗಿನ ಪೆಟ್ಟಿಗೆಯಲ್ಲೇ ಒಂದಕ್ಕೊಂದು ಸೇರಿಸಿ, ಅದು ಕೆಲಸ ಮಾಡದಂತೆ ಮಾಡಿ ಬಂದರು.

"ಸ್ವಿಚ್ಚೇ ಹಾಳು ಮಾರಾಯ್ತಿ. ಇನ್ನು ಏಸಿ ನಿಲ್ಲುದಿಲ್ಲ."

"ಫೋಟೋಗೆ ಚಂದ ಅಂತ ಹೊರಗಿನ ಮಿಶನಿಗೆ ಬಿಳಿ ಬಟ್ಟೆ ಸುತ್ತಿದ್ದಾರಲ್ಲ, ಅದಕ್ಕೆ ಗಾಳಿ ಬೇಡವಾ?" ಎಂದೆ. ಸಂಜೆ ಹೂ ಕೊಡಲು ಹೋದಾಗ ನೋಡಿದ್ದೆ.

ಇವರ ಮುಖ ಕಪ್ಪಿಟ್ಟಿತು. "ಅಯ್ಯೋ, ಸ್ವಿಚ್ಚು ಸರಿ ಉಂಟು! ಪ್ರೆಶರ್ ಏರಿಯೇ ಅದು ನಿಲ್ಲಿಸಿದ್ದು. ಈಗ ಮಿಶನ್ ಒಡೆದರೆ?"

ನಾನು ನೋಡಿದಾಗ ಮಕ್ಕಳೆಲ್ಲ ಅದರ ಹತ್ತಿರವೇ ಆಡುತ್ತಿದ್ದವು. ಇವರು ಸ್ಕೂಟರಿನಲ್ಲಿ ಓಡಿದರು. ನಾನು ಜಪಮಾಲೆ ಹಿಡಿದೆ, ಒಂದು ಪ್ರಾರ್ಥನೆಯೂ ಪೂರ್ತಿ ಬಾಯಿಗೆ ಬರಲಿಲ್ಲ.

ಕೊನೆಗೆ ಇವರ ಫೋನ್ ಬಂತು. "ಏಸಿ ಬಂದ್ ಮಾಡಿದೆ. ಸೆಕೆಗೆ ಎಲ್ಲರೂ ನನ್ನನ್ನು ಬೈತಾ ಇದ್ದಾರೆ."

ಬೈಯಲಿ, ದೇವಾ. ಎಲ್ಲರೂ ಬಾಯಿ ತುಂಬಾ ಬೈಯಲಿ.