ಬುತ್ತಿಯ ಗಂಟಿಗೆ ಸೀಟಿ ಊದಿದ ಇಲಾಖೆಗೆ

ಹೆಲ್ಮೆಟ್ ಧರಿಸಿದ ಮಹನೀಯರೇ, ಹೆಲ್ಮೆಟ್ಟನ್ನು ಮೊಣಕೈಗೆ ತೊಡಿಸಿ ತಲೆಯನ್ನು ದೇವರಿಗೆ ಒಪ್ಪಿಸಿದ ಭಕ್ತರೇ, ಟಂಟಂ ಆಟೋದ ಹಿಂಬದಿಗೆ ಜೋತುಬಿದ್ದ ತಾಯಂದಿರೇ, ಟ್ರ್ಯಾಕ್ಟರಿನ ಮಡ್‌ಗಾರ್ಡನ್ನೇ ಸಿಂಹಾಸನ ಮಾಡಿಕೊಂಡ ಹಿರಿಯರೇ, ಮತ್ತು ಈ ಕಾಲ್ಪನಿಕ ಸಭೆಯ ಅಧ್ಯಕ್ಷ ಪೀಠವನ್ನು ಅಲಂಕರಿಸಬೇಕಿದ್ದ, ಆದರೆ ಅನ್ಯಕಾರ್ಯ ನಿಮಿತ್ತ ಬಾರದಿರುವ ನಮ್ಮ ಸಂಚಾರ ಪೊಲೀಸ್ ಮೇಲಧಿಕಾರಿಗಳೇ,

ನಿಮ್ಮ ಸಿಬ್ಬಂದಿ ನನ್ನ ವ್ಯಾನನ್ನು ಕಾರಣವಿಲ್ಲದೆ ನಿಲ್ಲಿಸಿ, ನನ್ನ ಬಸುರಿ ತಂಗಿಗೆಂದು ಒಯ್ಯುತ್ತಿದ್ದ ಬುತ್ತಿಯ ಗಂಟನ್ನು ನಡುರಸ್ತೆಯಲ್ಲಿ ಬಿಚ್ಚಿದ್ದಾರೆ. ದೂರು ಇಷ್ಟೇ, ಒಂದೇ ಸಾಲಿನದು. ಆದರೆ ನಾನು ಕನ್ನಡ ಮಾಧ್ಯಮದಲ್ಲಿ ಬಿ.ಎ. ಮಾಡಿದವನು, ಒಂದು ಸಾಲಿಗೆ ನಿಲ್ಲುವ ಶಿಸ್ತನ್ನು ನನಗೆ ಯಾರೂ ಕಲಿಸಲಿಲ್ಲ. ತಾವು ಸಹಿಸಿಕೊಳ್ಳಬೇಕು. ನಿಮ್ಮ ಸೀಟಿಯನ್ನು ನಾವು ಸಹಿಸಿಕೊಂಡಿಲ್ಲವೇ?

ಮೊದಲು ನನ್ನ ಪರಿಚಯ. ಲಕ್ಷ್ಮೇಶ್ವರದಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿಯೊಂದರಲ್ಲಿ ಪ್ರಾಸ ಕೂಡಿಸುವುದು ನನ್ನ ಉದ್ಯೋಗ. "ಊಟ ಸಾದಾ, ಪ್ರೀತಿ ಜಾದಾ" ಎಂಬ ಸಾಲನ್ನು ನಿಮ್ಮ ಮನೆಗೆ ಬಂದ ಯಾವುದಾದರೂ ಪತ್ರಿಕೆಯಲ್ಲಿ ಓದಿದ್ದರೆ, ಅದರ ಅಪರಾಧಿ ನಾನೇ. ವಯಸ್ಸು ನಲವತ್ತೈದರ ಆಸುಪಾಸು. ಕೂದಲು ಮುಂದಿನಿಂದ ಹಿಂದಕ್ಕೆ ಸರಿದಿದೆ, ಹೊಟ್ಟೆ ಹಿಂದಿನಿಂದ ಮುಂದಕ್ಕೆ ಬಂದಿದೆ. ನನ್ನ ಹತ್ತಿರ ಒಂದು ಹಳೆಯ ಬಿಳಿ ವ್ಯಾನು ಇದೆ. ಪತ್ರಿಕೆಯ ಗಂಟುಗಳನ್ನು ಗದಗ-ಬೆಟಗೇರಿಯಿಂದ ತರಲು ಅದು ಬೇಕು. ಅದರ ಲೈಟು ಉರಿಯುತ್ತದೆ, ಹಾರ್ನು ಕೂಗುತ್ತದೆ, ವಿಮೆ ಇದೆ, ಹೊಗೆಯ ಪ್ರಮಾಣಪತ್ರ ಇದೆ. ನಮ್ಮಿಬ್ಬರಲ್ಲಿ ಕಾಗದಪತ್ರ ಸರಿಯಿರುವುದು ಅದರದ್ದೇ.

ಕಣ್ಣಿಗೆ ಕಾಣುವ ತಪ್ಪು ಇಲ್ಲದೆ, ಬರೀ ಕಾಗದ ನೋಡುವ ಸಲುವಾಗಿ ಗಾಡಿಗಳನ್ನು ಅಡ್ಡಗಟ್ಟಬೇಡಿ ಎಂದು ನಿಮ್ಮ ಮೇಲಿನವರೇ ನಿಮಗೆ ಹೇಳಿದ್ದಾರೆಂದು ಪತ್ರಿಕೆಯಲ್ಲಿ ಓದಿದ ದಿನದಿಂದ ನಾನು ಹಕ್ಕುಗಳ ಕವಿಯಾದೆ. ಸಮವಸ್ತ್ರದಲ್ಲಿರುವವರು ಕೇಳಿದರೆ ಲೈಸೆನ್ಸು ತೋರಿಸಬೇಕು, ಒಪ್ಪಿದೆ. ಮೊಬೈಲಿನಲ್ಲಿ ಸರಕಾರದ್ದೇ ಡಿಜಿಲಾಕರ್ ತೆರೆದು ತೋರಿಸಿದರೂ ನಡೆಯುತ್ತದೆ. ಆದರೆ ಕೀಲಿ ಕಿತ್ತುಕೊಳ್ಳುವುದು, ಅನುಮಾನಕ್ಕೆ ಕಾರಣವಿಲ್ಲದೆ ಡಿಕ್ಕಿ ತಡಕಾಡುವುದು ಯಾವ ಪುಸ್ತಕದಲ್ಲಿದೆ? ಇದನ್ನೆಲ್ಲ ನಮ್ಮ ಜನಕ್ಕೆ ಗದ್ಯದಲ್ಲಿ ಹೇಳಿದರೆ ಆಕಳಿಸುತ್ತಾರೆಂದು ಪದ್ಯ ಮಾಡಿದೆ:

ಲೈಸೆನ್ಸು ಕೇಳಿದರ ಕೈಯಾಗ ಕೊಡು,
ಕೀಲಿಗೆ ಕೈ ಹಾಕಿದರ ಕಾರಣ ಕೇಳಿಬಿಡು.
ಡಿಕ್ಕಿ ತೆಗಿ ಅಂದರ ಯಾಕ್ರಿ ಅನ್ನು,
ಉತ್ತರ ಬರೂತನಕ ಬಗ್ಗಿಸಬ್ಯಾಡ ಬೆನ್ನು.

ಅಂಗಡಿಯಲ್ಲಿ ಉಳಿದ ದಪ್ಪ ಕಾಗದದ ಮೇಲೆ ಬಂಗಾರದ ಬಣ್ಣದಲ್ಲಿ ಅಚ್ಚು ಹಾಕಿ ಹಂಚಿದೆ. ಒಂದನ್ನು ವ್ಯಾನಿನ ಮುಂಭಾಗದಲ್ಲಿ, ದೇವರ ಫೋಟೋದ ಪಕ್ಕದಲ್ಲೇ ನಿಲ್ಲಿಸಿದೆ. ಬಸ್‌ನಿಲ್ದಾಣದ ಎದುರು ಚಹಾ ಮಾರುವ ಗೆಳೆಯ ಮಾಶಾಕ ಅದನ್ನು ಎರಡು ಸಲ ಓದಿ, ಚಹಾ ಸೋಸುತ್ತ ಕೇಳಿದ:

"ಕವಿಗಳ, ಹಾಡು ಚಲೋ ಐತ್ರಿ. ಖರೆ ಸೀಟಿ ಕೇಳಿದಾಗ ಈ ಬೆನ್ನು ಎಲ್ಲಿಟ್ಟಿರ್ತೀರಿ?"

"ಇದ್ದಲ್ಲೇ ಇರತೈತಲೇ."

"ನೋಡೂಣ್ರಿ. ನಮ್ಮ ಕಡಿ ಬೆನ್ನು ಖಾಕಿ ಕಂಡಕೂಡ್ಲೆ ತಾವ ಬಿಲ್ಲಾಗತಾವು."

ಆತನ ಚಹಾದ ಹಾಗೆ ಆತನ ಮಾತೂ ತುಸು ಕಡಕ್. ನಾನು ಲಕ್ಷ್ಯ ಕೊಡಲಿಲ್ಲ.

ಈಗ ಬುತ್ತಿಯ ವಿಷಯ. ನೀಲಾ ನನ್ನ ಒಬ್ಬಳೇ ತಂಗಿ. ಮುಂಡರಗಿಗೆ ಕೊಟ್ಟಿದ್ದೇವೆ. ಆಕೆಯ ಗಂಡ ವೀರೇಶ ಒಳ್ಳೆಯ ಮನುಷ್ಯ, ಮಾತು ಕಡಿಮೆ. ಮದುವೆಯಾಗಿ ಬಹಳ ವರ್ಷ ಮಕ್ಕಳಾಗಲಿಲ್ಲ. ಒಮ್ಮೆ ಆದದ್ದು ಆರನೇ ತಿಂಗಳಲ್ಲಿ ಕೈಬಿಟ್ಟಿತು. ಈಗ ಮತ್ತೆ ಏಳು ತುಂಬಿದೆ. ಮನೆಯಲ್ಲಿ ಯಾರೂ ಜೋರಾಗಿ ಸಂತೋಷಪಡುವುದಿಲ್ಲ, ಹಳೆಯ ದುಃಖಕ್ಕೆ ಎಚ್ಚರವಾದೀತೆಂಬ ಭಯದಲ್ಲಿ ಎಲ್ಲರೂ ತುದಿಗಾಲಲ್ಲಿ ನಡೆಯುತ್ತಿದ್ದೇವೆ.

ನಮ್ಮವ್ವ ಹನಮಂತವ್ವನ ತವರು ಬೆಳ್ಳಟ್ಟಿ. ಅವರ ಮನೆತನದಲ್ಲಿ ಒಂದು ಪದ್ಧತಿ. ಬಸುರಿ ಮಗಳಿಗೆ ಬಯಕೆಯ ಬುತ್ತಿ ಒಯ್ಯುವಾಗ ತಾಯಿ ತಾನು ಉಟ್ಟು ಹಳೆಯದಾದ ಸೀರೆಯ ತುಂಡಿನಲ್ಲಿ ಅದನ್ನು ಕಟ್ಟಬೇಕು. ಆ ಗಂಟನ್ನು ದಾರಿಯಲ್ಲಿ ಯಾರೂ ಬಿಚ್ಚಬಾರದು. ಬಸುರಿಯೇ ತನ್ನ ಕೈಯಿಂದ ಬಿಚ್ಚಬೇಕು. ಗಂಟು ಎಷ್ಟು ಹಗುರಾಗಿ ಬಿಚ್ಚಿಕೊಳ್ಳುತ್ತದೋ ಹೆರಿಗೆಯೂ ಅಷ್ಟೇ ಹಗುರ ಎಂದು ನಂಬಿಕೆ. ಅದಕ್ಕೇ ಅವ್ವ ನೋಡಲು ಭಾರೀ ಬಿಗಿ ಕಾಣುವ, ಒಂದು ತುದಿ ಎಳೆದರೆ ಹೂವಿನಂತೆ ಅರಳುವ ಒಂದು ಗಂಟು ಹಾಕುತ್ತಾಳೆ. ಇದು ಮೋಸ ಅಲ್ಲವೇನವ್ವ ಎಂದರೆ, "ಮೋಸಲ್ಲೋ ಹುಚ್ಚಪ್ಪ, ಧೈರ್ಯ" ಎಂದಳು. ವಿಜ್ಞಾನ ಒಪ್ಪದಿರಬಹುದು. ಆದರೆ ಒಮ್ಮೆ ಕೂಸನ್ನು ಕಳೆದುಕೊಂಡವಳಿಗೆ ಧೈರ್ಯ ಯಾವ ಅಂಗಡಿಯಲ್ಲಿ ಸಿಗುತ್ತದೆ, ತಾವೇ ಹೇಳಿ.

ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಕರ್ಚಿಕಾಯಿ, ನೀಲಾ ಫೋನಿನಲ್ಲಿ ಮತ್ತೆ ಮತ್ತೆ ಕೇಳಿದ್ದ ಹುಣಸಿ ತೊಕ್ಕು. ಇಷ್ಟನ್ನೂ ಬುಟ್ಟಿಯಲ್ಲಿಟ್ಟು, ಮೇಲೆ ಸೀರೆ ಸುತ್ತಿ, ಗಂಟು ಹಾಕಿ, ವ್ಯಾನಿನ ಹಿಂದೆ ಇಟ್ಟೆವು. ಅವ್ವನಿಗೆ ಮೊಣಕಾಲು ನೋವು. ಮುಂದಿನ ಸೀಟಿನಲ್ಲಿ ಕೂಡಿಸಿದೆ. ಶಿರಹಟ್ಟಿ ದಾಟಿ ಮುಂಡರಗಿ ಕಡೆಗೆ ಹೊರಳಿದ್ದೆವು. ಬೇವಿನ ಮರದ ನೆರಳಿನಲ್ಲಿ ನಿಮ್ಮ ಇಲಾಖೆ ನಿಂತಿತ್ತು. ಒಬ್ಬರು ಕುರ್ಚಿಯಲ್ಲಿ ಕುಳಿತು ಮೊಬೈಲಿನಲ್ಲಿ ಮಗ್ನರು. ಇನ್ನೊಬ್ಬ, ಎಳೆಯ ವಯಸ್ಸಿನ ಪೇದೆ, ಸೀಟಿ ಊದಿದ.

ನನ್ನ ಮುಂದೆ ಕರಿಗಾಜಿನ ದೊಡ್ಡ ಗಾಡಿಯೊಂದು ಬಾವುಟ ಹಾರಿಸಿಕೊಂಡು ಹೋಗಿತ್ತು. ಅದಕ್ಕೆ ಸೀಟಿ ಇಲ್ಲ, ಸೆಲ್ಯೂಟು. ಬಿಳಿ ವ್ಯಾನು, ಸಾದಾ ಮನುಷ್ಯ, ಪಕ್ಕದಲ್ಲಿ ಮುದುಕಿ: ಅನುಮಾನಕ್ಕೆ ಇದಕ್ಕಿಂತ ಹೆಚ್ಚು ಏನು ಬೇಕು? ಬ್ರೇಕು ಒತ್ತುವ ಮುಂಚೆ ನಾನು ಮಾಡಿದ ಮೊದಲ ಕೆಲಸವನ್ನು ಇಲ್ಲಿ ದಾಖಲಿಸಬೇಕು. ಆ ಬಂಗಾರದ ಬಣ್ಣದ ಪದ್ಯವನ್ನು ದೇವರ ಫೋಟೋದ ಹಿಂದಕ್ಕೆ ತಳ್ಳಿದೆ. ನನ್ನ ಕವಿತೆಗೆ ಅಷ್ಟು ಭಕ್ತಿಯ ಸ್ಥಾನ ಹಿಂದೆಂದೂ ಸಿಕ್ಕಿರಲಿಲ್ಲ.

"ಎಲ್ಲಿಗೆ?"

"ಮುಂಡರಗಿಗ್ರಿ ಸರ."

"ಎಲ್ಲಿಂದ?"

"ಲಕ್ಷ್ಮೇಶ್ವರದಿಂದ್ರಿ ಸರ."

"ಏನ್ ಕೆಲಸ?"

"ತಂಗಿ ಬಸುರಿ ಅದಾಳ್ರಿ ಸರ."

ಗಮನಿಸಿ, ಮಾನ್ಯರೇ. ನಮ್ಮ ಮಾಗಡಿ ಕೆರೆಗೆ ಪ್ರತಿ ವರ್ಷ ಹಿಮಾಲಯ ದಾಟಿ ಹೆಬ್ಬಾತುಗಳು ಬರುತ್ತವೆ. ಯಾರೂ ಸೀಟಿ ಊದಿ ಎಲ್ಲಿಂದ, ಏನ್ ಕೆಲಸ ಎಂದು ಕೇಳುವುದಿಲ್ಲ. ಹಿಡಿದು ನೋಡಿದರೂ ಅವು ತಮ್ಮ ಮನೆಯ ಹೆಣ್ಣುಮಕ್ಕಳ ತಿಂಗಳ ಲೆಕ್ಕ ಒಪ್ಪಿಸಲಾರವು. ನಾನು ಒಪ್ಪಿಸಿದೆ. ಯಾವ ಕಲಮಿನಡಿ? ನನ್ನ ಗಾಡಿಯ ವೇಗಕ್ಕೂ ನನ್ನ ತಂಗಿಯ ಹೊಟ್ಟೆಗೂ ಏನು ಸಂಬಂಧ?

"ಹಿಂದ ಏನೈತಿ?" ಎಂದು ಪೇದೆ ವ್ಯಾನಿನ ಹಿಂಬದಿಗೆ ನಡೆದ. ನಾನೂ ಇಳಿದು ಹೋದೆ. ಅವ್ವ ಮುಂದಿನ ಸೀಟಿನಲ್ಲೇ ಇದ್ದಳು, ಹಿಂದೆ ನಡೆದದ್ದು ಆಕೆಗೆ ಕಾಣಲಿಲ್ಲ. ಡಿಕ್ಕಿಯ ಬಾಗಿಲು ಮೇಲೆದ್ದಿತು. ಪೇದೆ ಬುತ್ತಿಯ ಗಂಟಿಗೆ ಕೈ ಹಾಕಿದ. ಅವ್ವನ ಗಂಟು, ಅದರ ಗುಣಕ್ಕೆ ತಕ್ಕಂತೆ, ಹೂವಿನ ಹಾಗೆ ಅರಳಿಬಿಟ್ಟಿತು. ಒಳಗೆ ಸಿಕ್ಕಿದ್ದು ರೊಟ್ಟಿ. ಇಲಾಖೆಯ ಕಾರ್ಯಾಚರಣೆ ಯಶಸ್ವಿಯಾಯಿತು. ನಾನು ನನಗೆ ಬರುವ ಒಂದೇ ಗಂಟನ್ನು, ಲಗ್ನಪತ್ರಿಕೆಯ ಕಟ್ಟಿಗೆ ಹಾಕುವ ಗಂಟನ್ನು, ಹಾಕಿ ಮುಂದೆ ಹೊರಟೆ.

ಮುಂಡರಗಿಯಲ್ಲಿ ನೀಲಾ ಬಾಗಿಲಲ್ಲೇ ಕಾಯುತ್ತಿದ್ದಳು. ಒಳಗೆ ಹೋಗುವಷ್ಟೂ ತಾಳ್ಮೆಯಿಲ್ಲದೆ ಪಡಸಾಲೆಯಲ್ಲೇ ಕುಳಿತು ಬುಟ್ಟಿಯನ್ನು ಎಳೆದುಕೊಂಡಳು. ಬೆರಳು ಗಂಟಿನ ಮೇಲೆ ನಿಂತಿತು.

"ಅವ್ವಾ, ಇದು ನಿನ್ನ ಗಂಟಲ್ಲ."

ಅವ್ವ ನನ್ನ ಮುಖ ನೋಡಿದಳು. "ಯಾರ ಬಿಚ್ಚಿದರೋ ಸೋಮೇಶ?"

"ಪೊಲೀಸರವ್ವ. ದಾರ್ಯಾಗ ಚೆಕಿಂಗ ಇತ್ತಲ್ಲ."

ನೀಲಾಳ ಅತ್ತೆ ಕಳಕವ್ವ ಕೆಟ್ಟವಳಲ್ಲ, ಆದರೆ ಸುಮ್ಮನಿರಲು ಬಾರದವಳು. "ಪರರ ಕೈ ಹತ್ತಿದಂಗಾತಲ್ಲವ್ವ" ಎಂದಳು. ನೀಲಾ ಕೈ ಹಿಂದಕ್ಕೆ ತೆಗೆದುಕೊಂಡಳು. ಆಸೆಪಟ್ಟ ತೊಕ್ಕನ್ನೂ ನಾಲಿಗೆಗೆ ಹಚ್ಚಲಿಲ್ಲ.

ಅಂದಿನಿಂದ ದಿನಾ ಫೋನು. "ಅಣ್ಣಾ, ಇವತ್ತ ಕೂಸು ಮಿಸುಕಿದ್ದು ಕಡಿಮಿ ಅನಸಾಕತ್ತೈತಿ." ವೀರೇಶ ದವಾಖಾನೆಗೆ ಕರೆದೊಯ್ದ. ಡಾಕ್ಟರರು ಎಲ್ಲ ಸರಿಯಿದೆ ಎಂದರು. ಮರುದಿನ ಮತ್ತೆ: "ಯಾರ ಕೈಯೋ ಏನೋ ಅಣ್ಣಾ. ನಮ್ಮವರದಾಗಿದ್ರ ಇಷ್ಟು ಅಂಜತಿರಲಿಲ್ಲ. ಗುರ್ತಿಲ್ಲದ ಕೈ." ಬರುವ ತಿಂಗಳು ಆಕೆಯನ್ನು ಹೆರಿಗೆಗೆ ಕರೆತರಬೇಕು, ಅದೇ ರಸ್ತೆಯ ಮೇಲೆ. ಆ ಬೇವಿನ ಮರದ ಹತ್ತಿರ ಹಾಯುವುದಿಲ್ಲ, ಇಲ್ಲೇ ಇರುತ್ತೇನೆ ಎನ್ನುತ್ತಿದ್ದಾಳೆ. ಚೊಚ್ಚಲ ಹೆರಿಗೆಗೆ ತಾಯಿಯ ಮಗ್ಗುಲು ಬಿಟ್ಟು ಅಂಜಿಕೆಯ ಮಗ್ಗುಲಲ್ಲಿ ಮಲಗುತ್ತಾಳಂತೆ. ಇದಕ್ಕೆ ಯಾರು ಹೊಣೆ? ನಿಮ್ಮ ಸೀಟಿ ಇಷ್ಟು ದೂರ ಕೇಳಿಸುತ್ತದೆಂದು ನಿಮಗೆ ಗೊತ್ತಿತ್ತೇ?

ಗೊತ್ತು, ನೀವು ಹೇಳುವುದು ಗೊತ್ತು. ಗಾಂಜಾ ಸಾಗಿಸುವವರು, ಮರಳು ಸಾಗಿಸುವವರು ಇದ್ದಾರೆ, ತಪಾಸಣೆ ಮಾಡಬೇಡವೇ? ಮಾಡಿ. ಕಾರಣ ಇದ್ದರೆ ನನ್ನ ವ್ಯಾನಿನ ಸೀಟು ಹರಿದು ನೋಡಿ. ನಾವು ಕೇಳುವುದು ಆ ಕಾರಣವನ್ನಷ್ಟೇ. ಗಾಡಿ ನಿಲ್ಲಿಸಿದವರು ಮೊದಲು ಯಾಕೆ ನಿಲ್ಲಿಸಿದೆವೆಂದು ಹೇಳಲಿ. ಸಾಮಾನು ನೋಡಬೇಕಿದ್ದರೆ ಯಾವ ಅನುಮಾನದ ಮೇಲೆಂದು ಬಾಯಿ ಬಿಟ್ಟು ಹೇಳಲಿ. ಅನುಮಾನ ಇಲ್ಲದಿದ್ದರೆ "ಹೋಗ್ರಿ" ಎನ್ನಲಿ; ಎರಡೇ ಅಕ್ಷರ, ಇಲಾಖೆಗೆ ಏನೂ ಖರ್ಚಿಲ್ಲ. ಇದು ನನ್ನ ಬೇಡಿಕೆ. ಇದನ್ನು ಈಡೇರಿಸಿ, ಬುತ್ತಿ ಬಿಚ್ಚಿದ ಆ ಪೇದೆಯ ಮೇಲೆ ಕ್ರಮ ಕೈಗೊಳ್ಳಬೇಕೆಂದು ವಿನಂತಿಸಿ, ಇಂತಿ...

ಇಲ್ಲಿಗೆ ಪತ್ರ ಮುಗಿಯಬೇಕಿತ್ತು. "ಇಂತಿ"ಯ ಮುಂದೆ ಹೆಸರು ಬರೆಯಲು ಹೋದರೆ ಕೈ ಏಳುತ್ತಿಲ್ಲ. ಅಡುಗೆಮನೆಯಲ್ಲಿ ಅವ್ವ ಚಹಾಕ್ಕಿಟ್ಟು, ದಿನದ ಹಾಗೆ ನೆಟಿಗೆ ಮುರಿಯುತ್ತಿದ್ದಾಳೆ: "ನನ್ನ ಮಗಳ ಗಂಟು ಬಿಚ್ಚಿದ ಕೈ ಸೆಟದ ಹೋಗ್ಲಿ!"

ಮಾನ್ಯರೇ, ಗಂಟು ಬಿಚ್ಚಿದ್ದು ನಿಮ್ಮ ಪೇದೆಯಲ್ಲ. ನಾನು.

ಆತ "ಹಿಂದ ಏನೈತಿ?" ಎಂದು ಕೇಳಿದ್ದಷ್ಟೇ. ಬಿಚ್ಚು ಎನ್ನಲಿಲ್ಲ, ಮುಟ್ಟಲೂ ಇಲ್ಲ. ಡಿಕ್ಕಿ ಎತ್ತಿದವನು ನಾನು. "ಬುತ್ತಿರಿ ಸರ, ನೋಡಿಬಿಡ್ರಿ ಸರ, ಬರೇ ರೊಟ್ಟಿ ಐತ್ರಿ ಸರ" ಎನ್ನುತ್ತ, ಬೆನ್ನು ಬಿಲ್ಲು ಮಾಡಿ, ಅವ್ವನ ಗಂಟಿನ ತುದಿ ಎಳೆದವನು ನಾನು. ರೊಟ್ಟಿಯನ್ನು ಒಂದೊಂದಾಗಿ ಎತ್ತಿ ತೋರಿಸಿದೆ. ತಲೆಯೆತ್ತಿ ನೋಡಿದರೆ ಆತ ಆಗಲೇ ಹಿಂದಿನ ಟಂಟಂಗೆ ಕೈ ಅಡ್ಡ ಮಾಡುತ್ತಿದ್ದ. ನನ್ನ ರೊಟ್ಟಿಯನ್ನು ನೋಡಲೂ ಇಲ್ಲ. ಹಕ್ಕುಗಳ ಕವಿ ಹೀಗೆ ಮಾಡಿದನೆಂದು ಹೇಳಲು ನಾಚಿಕೆಯಾಗಿ, ತಂಗಿಯ ಮನೆಯಲ್ಲಿ ಪೊಲೀಸರ ಹೆಸರು ಹೇಳಿದೆ. ನನ್ನ ಮಾನ ಉಳಿಯಿತು. ಆಕೆಯ ನಿದ್ದೆ ಹೋಯಿತು.

ಹಾಗೆಂದು ನೀವು ಪಾರಾದಿರಿ ಎಂದು ಕುರ್ಚಿಗೆ ಒರಗಬೇಡಿ. ಕಾರಣವಿಲ್ಲದ ಸೀಟಿ ನಿಮ್ಮದೇ. ಕೇಳುವ ಮುಂಚೆಯೇ ಬಿಚ್ಚಿ ತೋರಿಸುವ ಕೈಗಳು ಒಂದು ದಿನದಲ್ಲಿ ತಯಾರಾಗುವುದಿಲ್ಲ. ನಮ್ಮಪ್ಪನ ಚಕ್ಕಡಿಯ ಕಾಲದಿಂದ ನಿಮ್ಮ ಇಲಾಖೆ ತಾಳ್ಮೆಯಿಂದ ಪಳಗಿಸಿದೆ. ಆದ್ದರಿಂದ ಆ ಪೇದೆಯ ಮೇಲೆ ಯಾವ ಕ್ರಮವೂ ಬೇಡ. ಬೇಡಿಕೆಯನ್ನು ಮಾತ್ರ ತುಸು ಹೆಚ್ಚಿಸುತ್ತೇನೆ: ನಿಮ್ಮವರು ಗಾಡಿ ನಿಲ್ಲಿಸಿದ ಕಾರಣ ಹೇಳಲಿ, ಮತ್ತು ನನ್ನಂಥವನು ಹೆದರಿ ತಾನಾಗಿ ಗಂಟಿಗೆ ಕೈ ಹಾಕಿದರೆ "ಬ್ಯಾಡ, ಬಿಚ್ಚಬ್ಯಾಡ್ರಿ" ಎಂದು ತಡೆಯಲಿ.

ನೀಲಾ, ಈ ಪತ್ರವನ್ನು ವೀರೇಶ ನಿನಗೆ ಓದಿ ಹೇಳಲಿ. ಗುರ್ತಿಲ್ಲದ ಕೈಯಲ್ಲವ್ವ. ತವರಿನದೇ ಕೈ, ಅಂಜುಬುರುಕನದು. ಅವ್ವನಿಗೆ ಈಗ ಎದ್ದು ಹೋಗಿ ಹೇಳುತ್ತೇನೆ.

ಇಂತಿ,
ಸೆಟೆದು ಹೋಗಬೇಕಾದ ಕೈಯ ಯಜಮಾನ,
ಸೋಮೇಶ
ಲಕ್ಷ್ಮೇಶ್ವರ